ಕುಶಲ ವಿಚಾರಣೆಯ ದಾರಿಗಳು: ಮುಲುಂಡಿನ ಕನ್ನಡ ಕುಟುಂಬಗಳು

ಊರು ಬಿಟ್ಟು ದೂರದ ನಗರದಲ್ಲಿ ನೆಲೆಸಿದ ಕುಟುಂಬಕ್ಕೆ ಮನೆಯವರ, ನಂಟರ, ಗೆಳೆಯರ ಸುದ್ದಿ ತಾನಾಗಿ ಬಂದು ಸೇರುವುದಿಲ್ಲ. ಹಳ್ಳಿಯಲ್ಲಾದರೆ ಬಾವಿಕಟ್ಟೆ, ದೇವಸ್ಥಾನದ ಅಂಗಳ, ಸಂತೆ, ಹಾಲಿನ ಡೇರಿ ಈ ಕೆಲಸವನ್ನು ಯಾರೂ ಹೇಳದೆ ಮಾಡುತ್ತವೆ. ನಗರದಲ್ಲಿ ಅದಕ್ಕೆ ಬೇರೆ ಏರ್ಪಾಡು ಬೇಕು. ಮುಂಬಯಿಯ ಕನ್ನಡಿಗರು ನೂರು ವರ್ಷಕ್ಕೂ ಮಿಕ್ಕಿದ ಕಾಲದಲ್ಲಿ ಅಂಥ ಏರ್ಪಾಡುಗಳನ್ನು ಒಂದೊಂದಾಗಿ ಕಟ್ಟಿಕೊಂಡರು: ಕಾಗದ, ಮೇ ತಿಂಗಳ ಪ್ರಯಾಣ, ಲೋಕಲ್ ಗಾಡಿಯ ಸಹವಾಸ, ಸಂಘ, ಪತ್ರಿಕೆ, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಶುಭಾಶುಭ ಕಾರ್ಯಗಳು. ಇವು ಹೇಗೆ ನಡೆದವು, ಯಾವುದು ಯಾವುದಕ್ಕೆ ಎಡೆಗೊಟ್ಟಿತು ಎಂಬುದನ್ನು ನೋಡಲು ಮುಲುಂಡ್ ಅನುಕೂಲದ ಜಾಗ. ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರು, ಶಾಲೆಯ ಮಾಸ್ತರರು ಇಲ್ಲಿ ಒಂದೇ ಸ್ಟೇಷನ್ನಿನ ಎರಡು ಬದಿಗಳಲ್ಲಿ ಬದುಕಿದ್ದಾರೆ.

ಮುಲುಂಡ್ ಬೃಹನ್ಮುಂಬಯಿಯ ಈಶಾನ್ಯದ ತುದಿ. ಮಧ್ಯ ರೈಲ್ವೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಸುಮಾರು 31 ಕಿ.ಮೀ. ದೂರ, ಮುಂದಿನ ನಿಲ್ದಾಣವೇ ಠಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ದೇಶದ ಮೊದಲ ಪ್ರಯಾಣಿಕರ ರೈಲು ಈ ನೆಲವನ್ನು ದಾಟಿಯೇ ಹೋಯಿತು. ಪಶ್ಚಿಮ ಮುಲುಂಡಿನ ನೇರ ಬೀದಿಗಳೂ ಅವು ಕೂಡುವ ಪಾಂಚ್ ರಸ್ತಾ ವೃತ್ತವೂ 1922ರಲ್ಲಿ ಕ್ರೌನ್ ಅಂಡ್ ಕಾರ್ಟರ್ ವಾಸ್ತುಶಿಲ್ಪಿಗಳು ಹಾಕಿಕೊಟ್ಟ ಚೌಕುಳಿ ನಕ್ಷೆಯ ಫಲ. ಪೂರ್ವದಲ್ಲಿ ಖಾಡಿಯ ಕಡೆಗೆ ಉಪ್ಪಿನ ಗದ್ದೆಗಳಿದ್ದವು; ಮಿಠಾಗರ್ ರಸ್ತೆ ಆ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ಮುಂಬಯಿ ಮಹಾನಗರಪಾಲಿಕೆಯ ಗಡಿ 1950ರಲ್ಲಿ ಭಾಂಡುಪಿನವರೆಗೆ ಬಂದು, 1957ರಲ್ಲಿ ಮುಲುಂಡನ್ನು ಒಳಗೆ ಸೇರಿಸಿಕೊಂಡಿತು. ಆ ದಶಕದಲ್ಲೇ ಆಗ್ರಾ ರಸ್ತೆಯ, ಎಂದರೆ ಇಂದಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ, ಎರಡೂ ಬದಿಗೆ ಔಷಧ, ಬಣ್ಣ, ಟಯರು, ಇಂಜಿನಿಯರಿಂಗ್ ಕಾರ್ಖಾನೆಗಳು ಸಾಲುಗಟ್ಟಿದವು. ದಾದರ್, ಮಾಟುಂಗಾಗಳಲ್ಲಿ ಖೋಲಿ ಸಿಗದವರು, ಸಿಕ್ಕರೂ ಪಗಡಿಯ ದೊಡ್ಡ ಮುಂಗಡ ಕೊಡಲಾಗದವರು, ಗಾಡಿ ಹಿಡಿದು ಇಷ್ಟು ದೂರ ಬಂದು ಮನೆ ಮಾಡಿದರು.

ಕನ್ನಡಿಗರು ಬಂದದ್ದು ಒಂದೇ ದಾರಿಯಿಂದಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಆ ಜಿಲ್ಲೆಗಳ ಓದಿದ ಹುಡುಗರು ಸರಕಾರಿ ಕಚೇರಿ, ಅಂಚೆ, ರೈಲ್ವೆ ಕೆಲಸಕ್ಕೆ ಬರುವುದು ತಮ್ಮದೇ ಪ್ರಾಂತದ ದೊಡ್ಡ ಊರಿಗೆ ಹೋದಷ್ಟೇ ಸಹಜವಾಗಿತ್ತು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಬಂದವರ ಕಥೆ ಬೇರೆ. ಹತ್ತು ಹನ್ನೆರಡರ ಹುಡುಗರು ಪರಿಚಯದವರ ಹೋಟೆಲಿಗೆ ಬಂದು, ಹಗಲು ಕಪ್ಪು–ಬಸಿ ತೊಳೆದು, ಸಂಜೆ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು. ಮೂರನೆಯ ದಾರಿ ಬ್ಯಾಂಕುಗಳದು. ಉಡುಪಿ–ಮಂಗಳೂರುಗಳಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಮುಂಬಯಿಯಲ್ಲಿ ಶಾಖೆ ತೆರೆದಂತೆ ಗುಮಾಸ್ತರೂ ಅಧಿಕಾರಿಗಳೂ ವರ್ಗವಾಗಿ ಬಂದರು. ಮನೆಮಾತು ಕನ್ನಡವೇ ಆಗಬೇಕೆಂದಿರಲಿಲ್ಲ. ತುಳು, ಕೊಂಕಣಿ, ಹವ್ಯಕ, ಕುಂದಾಪುರದ ನುಡಿ ಮನೆಯೊಳಗೆ, ಕನ್ನಡ ಓದಿಗೂ ಬರಹಕ್ಕೂ ಸಭೆಗೂ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ತುಳು, ಕೊಂಕಣಿ ಮನೆಗಳು ಆ ಲೆಕ್ಕದಲ್ಲಿ ಬೇರೆಯೇ ಇರುವುದರಿಂದ, ಕನ್ನಡದಲ್ಲಿ ಕಾಗದ ಬರೆಯುವವರು ಆ ಸಂಖ್ಯೆಯ ಹೊರಗೂ ಇದ್ದಾರೆ.

ಕಾಗದವೇ ಮೊದಲ ಏರ್ಪಾಡು. ಅಂಚೆ ಕಾರ್ಡು 1879ರಿಂದ ಇತ್ತು; ಸ್ವಾತಂತ್ರ್ಯದ ಬಳಿಕ ನೀಲಿ ಇನ್‌ಲ್ಯಾಂಡ್ ಪತ್ರ ಬಂತು. ಗಂಡಸರು ತಿಂಗಳಿಗೊಮ್ಮೆ ಸಂಬಳದ ಮರುದಿನ ಮನಿಯಾರ್ಡರ್ ಮಾಡುತ್ತಿದ್ದರು. ಅದರ ಫಾರ್ಮಿನ ಕೆಳತುದಿಯಲ್ಲಿ ಎರಡು ಸಾಲು ಬರೆಯುವ ಜಾಗವಿತ್ತು. ‘ನಾನು ಕ್ಷೇಮ, ಅಮ್ಮನ ಔಷಧ ಬಿಡಬೇಡಿ’ ಎಂಬಷ್ಟು ಸುದ್ದಿ ಹಣದ ಜೊತೆ ಹೋಗುತ್ತಿತ್ತು. ದೊಡ್ಡ ಸುದ್ದಿಗೆ ಇನ್‌ಲ್ಯಾಂಡ್. ಅದರ ಬರವಣಿಗೆಗೆ ಒಂದು ಕ್ರಮವಿತ್ತು: ತಂದೆಗೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ಕಿರಿಯರಿಗೆ ಚಿರಂಜೀವಿ, ಮೊದಲು ಸಾಷ್ಟಾಂಗ ನಮಸ್ಕಾರ ಅಥವಾ ಆಶೀರ್ವಾದ, ಬಳಿಕ ಉಭಯ ಕುಶಲೋಪರಿ, ಬಳಿಕ ವಿಷಯ, ಕೊನೆಗೆ ಮನೆಯ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳಿದೆನೆಂದು ಹೇಳುವ ಸಾಲುಗಳು. ಈ ಸಾಲುಗಳನ್ನು ಬರಿಯ ಶಿಷ್ಟಾಚಾರವೆಂದು ತಳ್ಳಿಹಾಕುವುದು ತಪ್ಪು. ಮುಲುಂಡಿನ ಮಗ ಚಿಕ್ಕಪ್ಪನ ಹೆಸರನ್ನು ಬಿಟ್ಟರೆ ಊರಿನಲ್ಲಿ ಆ ಚಿಕ್ಕಪ್ಪನಿಗೆ ತಿಳಿಯುತ್ತಿತ್ತು, ಏಕೆಂದರೆ ಕಾಗದವನ್ನು ಜಗಲಿಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದುತ್ತಿದ್ದರು. ಹೆಸರಿನ ಪಟ್ಟಿ ಇಡೀ ಮನೆತನದ ಹಾಜರಿ. ಸಣ್ಣ ಕಾಗದದಲ್ಲಿ ಜಾಗ ಸಾಲದೆ ಅಂಚಿನಲ್ಲಿ, ಅಡ್ಡಲಾಗಿ, ಮಡಿಕೆಯ ಒಳಗೆ ಸಾಲುಗಳು ತುಂಬುತ್ತಿದ್ದವು. ಮುಖ್ಯವಾದ ಮಾತು ಬಹಳ ಸಲ ಅಲ್ಲಿಯೇ ಇರುತ್ತಿತ್ತು.

ಮದುವೆಯ ಕರೆಯೋಲೆಯ ನಾಲ್ಕು ಮೂಲೆಗೆ ಅರಿಶಿನ–ಕುಂಕುಮ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವ ರೂಢಿ ಅನೇಕ ಮನೆಗಳಲ್ಲಿತ್ತು. ಹತ್ತಿರದ ಸಾವಿಗೆ ತಂತಿ ಬರುತ್ತಿತ್ತು, ಆದ್ದರಿಂದ ತಂತಿಯವನ ಸೈಕಲ್ಲು ಚಾಳಿನ ಮೆಟ್ಟಿಲ ಬಳಿ ನಿಂತರೆ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತಿದ್ದವು. ಅದೇ ತಂತಿ ಇಲಾಖೆ ಶುಭಾಶಯದ ಸಿದ್ಧ ವಾಕ್ಯಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿತ್ತು; ಸಂಖ್ಯೆ ಹೇಳಿ ಹಣ ಕಟ್ಟಿದರೆ ಮದುವೆಯ ಮನೆಗೆ ಪೂರ್ತಿ ವಾಕ್ಯ ತಲುಪುತ್ತಿತ್ತು. ತಂತಿ ಸೇವೆ 2013ರ ಜುಲೈ ಮಧ್ಯದಲ್ಲಿ ನಿಂತಿತು, ಹಳೆಯ ಬಗೆಯ ಮನಿಯಾರ್ಡರ್ 2015ರಲ್ಲಿ. ಆ ಹೊತ್ತಿಗಾಗಲೇ ಮುಲುಂಡಿನ ಕನ್ನಡ ಮನೆಗಳು ಅವೆರಡನ್ನೂ ಬಿಟ್ಟು ಬಹಳ ವರ್ಷಗಳಾಗಿದ್ದವು.

ಕಾಗದ ತುಂಬಿಕೊಡದ್ದನ್ನು ಮೇ ತಿಂಗಳು ತುಂಬಿಕೊಡುತ್ತಿತ್ತು. ಶಾಲೆಗೆ ಬೇಸಗೆ ರಜೆ, ಊರಿನಲ್ಲಿ ಮಾವು–ಹಲಸು, ಮದುವೆ–ಉಪನಯನಗಳ ಮುಹೂರ್ತ, ನೇಮ–ಕೋಲ, ನಾಗದೇವರ ಆಶ್ಲೇಷಾ ಬಲಿ ಎಲ್ಲವೂ ಮಳೆಗಾಲ ಹಿಡಿಯುವ ಮೊದಲಿನ ಕೆಲವೇ ವಾರಗಳಲ್ಲಿ ಕೂಡುತ್ತಿದ್ದವು. ಹಿಂದೆ ಕರಾವಳಿಯವರು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಆ ದಾರಿ ಮುಚ್ಚುತ್ತಿತ್ತು. ಬಳಿಕ ಪುಣೆ, ಕೊಲ್ಲಾಪುರ, ಬೆಳಗಾವಿಯ ಮೇಲೆ ಹೋಗಿ ಘಟ್ಟವಿಳಿಯುವ ಬಸ್ಸು, ಒಂದು ಹಗಲೂ ಒಂದು ರಾತ್ರಿಯೂ ಮೀರುವ ಪ್ರಯಾಣ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾದದ್ದು ಮುಲುಂಡಿನವರಿಗೆ ಮಿಕ್ಕವರಿಗಿಂತ ಹೆಚ್ಚು ಒದಗಿಬಂತು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಠಾಣೆಯಲ್ಲಿ ನಿಲ್ಲುತ್ತದೆ. ಮುಲುಂಡಿನಿಂದ ಠಾಣೆಗೆ ಒಂದೇ ಸ್ಟೇಷನ್. ಮಧ್ಯಾಹ್ನದ ಊಟ ಮನೆಯಲ್ಲಿ, ಮರುದಿನ ಬೆಳಗಿನ ತಿಂಡಿ ಉಡುಪಿಯಲ್ಲಿ. ಒಬ್ಬರ ಸಾವಿಗೆ ಹತ್ತನೆಯ ದಿನಕ್ಕಾದರೂ ತಲುಪಬೇಕು ಎಂದು ಪರದಾಡುತ್ತಿದ್ದವರಿಗೆ ಮರುದಿನವೇ ತಲುಪಲು ಸಾಧ್ಯವಾಯಿತು.

ಮರಳಿ ಬರುವಾಗ ತಂದ ಗಂಟುಗಳೂ ಸುದ್ದಿಯೇ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ ಕರಾವಳಿಯವರದು. ಶೇಂಗಾ ಚಟ್ನಿ, ಬ್ಯಾಡಗಿ ಮೆಣಸು, ಧಾರವಾಡ ಪೇಡೆ, ಗೋಕಾಕದ ಕರದಂಟು ಉತ್ತರ ಕರ್ನಾಟಕದವರದು. ಇವನ್ನು ಬಿಲ್ಡಿಂಗಿನ ನಾಲ್ಕು ಮನೆಗೆ ಹಂಚುವ ನೆವದಲ್ಲಿ ಊರಿನ ಒಂದು ವರ್ಷದ ವರದಿ ಹರಡುತ್ತಿತ್ತು: ಯಾರ ಗದ್ದೆ ಮಾರಾಟವಾಯಿತು, ಯಾರ ಮಗಳಿಗೆ ಗಂಡು ನಿಶ್ಚಯವಾಯಿತು, ಯಾವ ಮಾಸ್ತರು ನಿವೃತ್ತರಾದರು. ಎದುರು ದಿಕ್ಕಿನ ಪ್ರಯಾಣವೂ ಇತ್ತು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೋ ಕೆ.ಇ.ಎಂ. ಆಸ್ಪತ್ರೆಗೋ ಚಿಕಿತ್ಸೆಗೆಂದು ಬರುವ ನಂಟರು, ಸಂದರ್ಶನಕ್ಕೆ ಬರುವ ಹುಡುಗರು ಒಂದು ಖೋಲಿಯ ಮನೆಯಲ್ಲೇ ವಾರಗಟ್ಟಲೆ ಇರುತ್ತಿದ್ದರು. ಆ ಮನೆಯ ಹೆಂಗಸರ ದುಡಿಮೆ ಯಾವ ಸಂಘದ ಸಂಚಿಕೆಯಲ್ಲೂ ಸರಿಯಾಗಿ ದಾಖಲಾಗಿಲ್ಲ. ಅಡುಗೆ, ಹಾಸಿಗೆ, ಆಸ್ಪತ್ರೆಗೆ ಡಬ್ಬಿ, ನಡುವೆ ಮಕ್ಕಳ ಪರೀಕ್ಷೆ ಎಲ್ಲವನ್ನೂ ಅವರು ನಿಭಾಯಿಸಿದ್ದರಿಂದಲೇ ಊರಿನ ನಂಟು ಉಳಿಯಿತು. ಕುಶಲ ವಿಚಾರಣೆಯ ಇತಿಹಾಸ ಬರೆಯುವವರು ಮೊದಲು ಬರೆಯಬೇಕಾದದ್ದು ಇದನ್ನು.

ಹಳೆಯ ಗೆಳೆತನಗಳ ಇನ್ನೊಂದು ಮನೆ ಲೋಕಲ್ ಗಾಡಿ. ಮುಲುಂಡಿನಿಂದ ಕೋಟೆಗೆ ಸ್ಲೋ ಗಾಡಿಯಲ್ಲಿ ಒಂದು ತಾಸಿನ ಹತ್ತಿರ. ಅದೇ ಹೊತ್ತಿನ ಅದೇ ಗಾಡಿಯ ಅದೇ ಡಬ್ಬದಲ್ಲಿ, ತಿಂಗಳ ಪಾಸು ಹಿಡಿದು, ಇಪ್ಪತ್ತೈದು–ಮೂವತ್ತು ವರ್ಷ ಒಟ್ಟಿಗೆ ಹೋಗಿ ಬಂದವರಿದ್ದಾರೆ. ಕನ್ನಡ, ತುಳು, ಮರಾಠಿ, ಗುಜರಾತಿ ಬೆರೆತ ಗುಂಪುಗಳು ಅವು. ಕೂರಲು ಸಿಕ್ಕವರು ಅರ್ಧ ದಾರಿಯಲ್ಲಿ ಎದ್ದು ನಿಂತವರಿಗೆ ಜಾಗ ಬಿಡುತ್ತಿದ್ದರು. ತಾಳ ಹಿಡಿದು ಭಜನೆ ಹೇಳುವ ಡಬ್ಬಗಳಿದ್ದವು, ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ಹರಡುವ ಡಬ್ಬಗಳೂ ಇದ್ದವು. ದಸರೆಗೆ ಡಬ್ಬಕ್ಕೆ ಹೂಮಾಲೆ ಕಟ್ಟಿ ಪೂಜೆ, ಪ್ರಸಾದ. ಮಗ ಹತ್ತನೆಯ ತರಗತಿ ಪಾಸಾದರೆ ಪೇಡೆಯ ಪೊಟ್ಟಣ ಮೊದಲು ಬರುತ್ತಿದ್ದುದು ಆಫೀಸಿಗಲ್ಲ, ಗಾಡಿಗೆ. ಮಹಿಳೆಯರ ಡಬ್ಬದಲ್ಲಿ ಸಂಜೆ ಸೊಪ್ಪು ಬಿಡಿಸಿ, ಅವರೆಕಾಯಿ ಸುಲಿದು ಮನೆ ಮುಟ್ಟುವಾಗ ಪಲ್ಯಕ್ಕೆ ತಯಾರು. ಆ ಒಂದು ತಾಸಿನಲ್ಲಿ ಅತ್ತೆಯ ಆರೋಗ್ಯ, ಮಗಳ ಬಾಣಂತನ, ಭಿಶಿ ಚೀಟಿಯ ಸರದಿ ಎಲ್ಲದರ ಮಾತು ಮುಗಿದಿರುತ್ತಿತ್ತು. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಯಾರಾದರೂ ಮನೆಗೆ ಹೋಗಿ ನೋಡುತ್ತಿದ್ದರು.

ಸಂಘಗಳ ಮಾತು ಹೆಚ್ಚು ಪರಿಚಿತ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಕಟ್ಟಡಗಳು ಮಾಟುಂಗಾ, ಕುರ್ಲಾ ಮೊದಲಾದ ಕಡೆಗೆ. ಮುಲುಂಡಿನವರು ರವಿವಾರ ಅಲ್ಲಿಗೆ ಹೋಗಬೇಕಾಗಿತ್ತು. ಮುಲುಂಡಿನಲ್ಲೇ ಕನ್ನಡಿಗರು ಕಟ್ಟಿ ಬೆಳೆಸಿದ ವಿದ್ಯಾ ಪ್ರಸಾರಕ ಮಂಡಳದ ಶಾಲೆಯೂ, ಮುಲುಂಡ್ ಬಂಟ್ಸ್‌ನಂಥ ಸ್ಥಳೀಯ ಬಳಗಗಳೂ, ಭಜನಾ ಮಂಡಳಿಗಳೂ, ಶನಿಪೂಜಾ ಸಮಿತಿಗಳೂ ಹತ್ತಿರದ ಕೂಟಗಳಾದವು. ಊರಿನಲ್ಲಿ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಯಕ್ಷಗಾನ, ತಾಳಮದ್ದಳೆ ನಡೆಸಿದರೆ ಸಭಾಗೃಹದ ಹೊರಗೂ ಒಂದು ಸಭೆ ಸೇರುತ್ತದೆ. ಪ್ರಸಂಗದ ನಡುವೆ ಚಹಾಕ್ಕೆಂದು ಎದ್ದವರಲ್ಲಿ ಅನೇಕರು ಒಳಗೆ ಮರಳುವುದು ತಡವಾಗಿ. ಹತ್ತು ವರ್ಷದ ಹಿಂದಿನ ರೂಮ್‌ಮೇಟು ಅಲ್ಲೇ ಸಿಕ್ಕಿರುತ್ತಾರೆ. ಕನ್ನಡ ದಿನಪತ್ರಿಕೆ ಕರ್ನಾಟಕ ಮಲ್ಲ ಮತ್ತು ಉದಯವಾಣಿಯ ಮುಂಬಯಿ ಆವೃತ್ತಿಯಲ್ಲಿ ನಿಧನ, ಶ್ರದ್ಧಾಂಜಲಿ, ವಿವಾಹ, ಅಭಿನಂದನೆಯ ಪುಟಗಳನ್ನು ಹಿರಿಯರು ರಾಜಕೀಯದ ಸುದ್ದಿಗಿಂತ ಮೊದಲು ಓದುತ್ತಾರೆ. ಅಲ್ಲಿ ಕಾಣುವ ಅಂಚೆಚೀಟಿಯಷ್ಟಗಲದ ಚಿತ್ರ ಒಂದು ಇಡೀ ಬಳಗವನ್ನು ಸಂಜೆಯೊಳಗೆ ಒಂದು ಮನೆಗೆ ಕರೆತರಬಲ್ಲುದು.

ಆದರೂ ಈ ಎಲ್ಲ ಏರ್ಪಾಡುಗಳ ನಡುವೆ ನಿಜವಾದ ಆಧಾರಸ್ತಂಭ ಮನೆಯ ಕಾರ್ಯಗಳು. ಗೆಳೆತನ ಪ್ರೀತಿಯಿಂದ ಹುಟ್ಟುತ್ತದೆ. ಮುಂಬಯಿಯಂಥ ಊರಿನಲ್ಲಿ ಅದು ಉಳಿಯುವುದು ನೆವದಿಂದ. ವಾರಕ್ಕೆ ಆರು ದಿನ ಗಾಡಿ, ಏಳನೆಯ ದಿನ ನೀರು–ರೇಷನ್ನು ಎಂದು ಬದುಕಿದವರಿಗೆ ಬೊರಿವಲಿಯ ಗೆಳೆಯನನ್ನು ಕಾಣಲು ಮನಸ್ಸು ಸಾಲದು, ಕಾರಣ ಬೇಕು. ಬದುಕಿನ ಮೈಲಿಗಲ್ಲುಗಳು ಆ ಕಾರಣವನ್ನು ಒಂದು ವೇಳಾಪಟ್ಟಿಯಂತೆ ಒದಗಿಸಿದವು.

ಮೊದಲನೆಯದು ಹನ್ನೆರಡನೆಯ ದಿನಕ್ಕೋ ಅನುಕೂಲದ ಇನ್ನೊಂದು ದಿನಕ್ಕೋ ನಡೆಯುವ ತೊಟ್ಟಿಲು, ನಾಮಕರಣ. ಮೊದಲ ಹೆರಿಗೆ ತವರಿನಲ್ಲಿ ಎಂಬ ಕ್ರಮದಿಂದ ಇದು ಹೆಚ್ಚಾಗಿ ಊರಿನಲ್ಲೇ ಆಗುತ್ತಿತ್ತು; ಮುಲುಂಡಿಗೆ ತಾಯಿ–ಮಗು ಬಂದ ಮೇಲೆ ನೆರೆಯವರು ಬೆಳ್ಳಿಯ ಬಟ್ಟಲೋ ಜುಬ್ಬವೋ ಹಿಡಿದು ನೋಡಲು ಬರುತ್ತಿದ್ದರು. ಉಪನಯನ ಕೆಲವು ಸಮಾಜಗಳದು ಮಾತ್ರ. ಗೃಹಪ್ರವೇಶ ಎಲ್ಲರದು. ಚಾಳಿನ ಖೋಲಿಯಿಂದ ಒಂದು ಬೆಡ್‌ರೂಮಿನ ಸ್ವಂತ ಫ್ಲ್ಯಾಟಿಗೆ ಹೋಗುವುದು ಮುಂಬಯಿ ಬದುಕಿನ ಅತಿ ದೊಡ್ಡ ಹೆಜ್ಜೆ. ಹಾಲು ಉಕ್ಕಿಸುವ ಆ ಬೆಳಗ್ಗೆ ಸಾಲ ಕೊಟ್ಟ ಗೆಳೆಯನೂ ಜಾಮೀನು ನಿಂತ ಸಹೋದ್ಯೋಗಿಯೂ ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು.

ಮದುವೆಗೆ ಎರಡು ಪ್ರತಿ: ಧಾರೆ ಊರಿನಲ್ಲಿ, ರಿಸೆಪ್ಶನ್ ಮುಂಬಯಿಯಲ್ಲಿ. ಊರಿನ ಮದುವೆಗೆ ಕುಟುಂಬದ ಹಿರಿಯರು ಬಂದರೆ, ಮಾಟುಂಗಾ, ಕುರ್ಲಾ ಅಥವಾ ಮುಲುಂಡಿನ ಸಭಾಗೃಹದ ರಿಸೆಪ್ಶನ್ನಿಗೆ ಬರುವವರು ಬೇರೆ. ಗಾಡಿಯವರು, ಬಿಲ್ಡಿಂಗಿನವರು, ರಾತ್ರಿಶಾಲೆಯ ಸಹಪಾಠಿಗಳು, ಹಳೆಯ ಶಾಖೆಯ ಕ್ಯಾಶಿಯರು. ಒಬ್ಬ ಮನುಷ್ಯ ಮೂವತ್ತು ವರ್ಷದಲ್ಲಿ ಈ ನಗರದಲ್ಲಿ ಯಾರನ್ನು ಗಳಿಸಿದ ಎಂಬುದು ಆ ಒಂದು ಸಂಜೆ ಕಣ್ಣಿಗೆ ಕಾಣುತ್ತದೆ. ಮುಯ್ಯಿಯ ಪುಸ್ತಕ ಅದರ ದಾಖಲೆ. ಸಭಾಗೃಹದ ಬಾಗಿಲಿನ ಬಳಿ ಮನೆಯ ಒಬ್ಬ ನಂಬಿಕಸ್ಥ ಕುಳಿತು ಲಕೋಟೆಯ ಹೆಸರನ್ನೂ ಮೊತ್ತವನ್ನೂ ಬರೆಯುತ್ತಾನೆ; ಉತ್ತರ ಕರ್ನಾಟಕದವರಲ್ಲಿ ಆಯೇರದ ಬಟ್ಟೆಗೂ ಇಂಥದೇ ಲೆಕ್ಕ. ಈ ಪುಸ್ತಕವನ್ನು ಮನೆಯ ಗೋದ್ರೇಜ್ ಕಪಾಟಿನಲ್ಲಿ ಒಡವೆ, ಪಾಲಿಸಿ ಕಾಗದಗಳ ಜೊತೆ ಇಡುತ್ತಾರೆ. ಮುಂದೆ ಆ ಹೆಸರಿನವರ ಮನೆಯಲ್ಲಿ ಕಾರ್ಯವಾದರೆ ಪುಸ್ತಕ ತೆರೆದು ನೋಡಿ, ಕೊಟ್ಟದ್ದಕ್ಕಿಂತ ತುಸು ಹೆಚ್ಚೇ ಹಾಕಿ ಹಿಂದಿರುಗಿಸುವುದು ಕ್ರಮ. ಹೊರಗಿನವರಿಗೆ ಇದು ಲೇವಾದೇವಿಯಂತೆ ಕಾಣಬಹುದು. ಒಳಗಿನ ನಡವಳಿಕೆ ಬೇರೆ: ಸರಿಸಮನಾಗಿ ತೀರಿಸಿ ಲೆಕ್ಕ ಮುಗಿಸುವವರು ಇಲ್ಲ. ಯಾವಾಗಲೂ ಒಂದು ಬದಿಗೆ ತುಸು ಬಾಕಿ ಉಳಿಯುತ್ತದೆ, ಅದನ್ನು ತೀರಿಸಲು ಇನ್ನೊಂದು ಮದುವೆಗೆ ಹೋಗಬೇಕಾಗುತ್ತದೆ. ತಂದೆ ತೀರಿಕೊಂಡ ಬಳಿಕ ಮಕ್ಕಳಿಗೆ ಅವರ ಗೆಳೆಯರು ಯಾರೆಂದು ತಿಳಿಯುವುದೂ ಎಷ್ಟೋ ಮನೆಗಳಲ್ಲಿ ಈ ಪುಸ್ತಕದಿಂದಲೇ.

ನಡುವಯಸ್ಸಿನ ಹಬ್ಬಗಳು ಹೆಂಗಸರ ಕೈಯಲ್ಲಿವೆ. ಮಕರ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮುಲುಂಡಿನ ಮರಾಠಿ ಮನೆಗಳಲ್ಲಿ ನಡೆಯುವ ಹಳದಿ–ಕುಂಕುಮವನ್ನು ಕನ್ನಡದ ಮನೆಗಳೂ ತಮ್ಮದಾಗಿಸಿಕೊಂಡಿವೆ. ಒಂದು ತಟ್ಟೆಯಲ್ಲಿ ತಿಳಗೂಳ, ಇನ್ನೊಂದರಲ್ಲಿ ಎಳ್ಳು–ಬೆಲ್ಲ. ಸೀಮಂತಕ್ಕೆ ಊರಿನಿಂದ ಅತ್ತಿಗೆ ಬರುತ್ತಾರೆ, ಹೂ ಮುಡಿಸುವ ಶಾಸ್ತ್ರಕ್ಕೆ ನೆರೆಯ ಕಾಕೂ ಬರುತ್ತಾರೆ. ಕನ್ನಡ ಮಾಧ್ಯಮದ ಶಾಲೆ ಇದ್ದ ಕಾಲದಲ್ಲಿ ಗೇಟಿನ ಹೊರಗೆ ಮಕ್ಕಳಿಗಾಗಿ ಕಾಯುವ ತಾಯಂದಿರ ಸ್ನೇಹ ಮಕ್ಕಳ ಸ್ನೇಹಕ್ಕಿಂತ ಗಟ್ಟಿಯಾಗಿ ಬೆಳೆದ ಉದಾಹರಣೆಗಳಿವೆ.

ಅರವತ್ತು ತುಂಬುವುದು ಒಂದು ತಿರುವು. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಸುತ್ತು ಮುಗಿದು ಹುಟ್ಟಿದ ಸಂವತ್ಸರವೇ ಮರಳಿ ಬಂದಾಗ ಷಷ್ಟ್ಯಬ್ದಪೂರ್ತಿ ಶಾಂತಿ. ಬ್ಯಾಂಕಿನವರಿಗೆ ನಿವೃತ್ತಿಯ ವಯಸ್ಸೂ ಅರವತ್ತೇ. ಆದ್ದರಿಂದ ಆಫೀಸಿನ ಬೀಳ್ಕೊಡುಗೆಯ ಶಾಲು–ಹಾರ ಒಂದು ತಿಂಗಳಾದರೆ, ದಂಪತಿಗಳಿಗೆ ಮರುಮಾಂಗಲ್ಯದ ಸಂಭ್ರಮ ಅದೇ ಆಸುಪಾಸಿಗೆ. 2000–01ರಲ್ಲಿ ಸರಕಾರಿ ಬ್ಯಾಂಕುಗಳ ಸ್ವಯಂ ನಿವೃತ್ತಿ ಯೋಜನೆಯಡಿ ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಕೆಲಸ ಬಿಟ್ಟಾಗ, ಐವತ್ತರ ಆಚೀಚಿನ ಅನೇಕ ಕನ್ನಡಿಗರಿಗೆ ಬೆಳಗಿನ ಗಾಡಿ ಒಮ್ಮೆಲೆ ತಪ್ಪಿಹೋಯಿತು. ಅವರಲ್ಲಿ ಕೆಲವರು ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೊರಟರು, ಸಂಘಗಳ ಕೆಲಸಕ್ಕೆ ಇಳಿದರು; ಈ ಶತಮಾನದ ಮೊದಲ ವರ್ಷಗಳಲ್ಲಿ ಉಪನಗರದ ಕೂಟಗಳು ಚುರುಕಾಗಲು ಅದೂ ಒಂದು ಕಾರಣವೆನ್ನಬೇಕು. ಎಪ್ಪತ್ತಕ್ಕೆ ಭೀಮರಥ ಶಾಂತಿ. ಬಳಿಕ ಸಹಸ್ರ ಚಂದ್ರ ದರ್ಶನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ, ಸಾವಿರ ಹುಣ್ಣಿಮೆಗೆ 29,530 ದಿನ, ಎಂದರೆ 80 ವರ್ಷ 10 ತಿಂಗಳ ಹತ್ತಿರ. ಆ ಹೊತ್ತಿಗೆ ಕರೆಯಬೇಕಾದ ಗೆಳೆಯರಲ್ಲಿ ಹಲವರು ಇರುವುದಿಲ್ಲ. ಇರುವವರನ್ನು ಮೊಮ್ಮಕ್ಕಳು ಕೈಹಿಡಿದು ಲಿಫ್ಟಿನವರೆಗೆ ತರುತ್ತಾರೆ. ‘ಹ್ಯಾಂಗದೀರಿ ರಾಯರೇ?’, ‘ಎಂಚ ಉಲ್ಲರ್ ಶೆಟ್ರೆ?’ ಎಂದು ಶುರುವಾಗುವ ಮಾತು ಆ ದಿನ ಊಟ ಮುಗಿದರೂ ಮುಗಿಯುವುದಿಲ್ಲ.

ಕೊನೆಯದು ಉತ್ತರಕ್ರಿಯೆ, ತುಳುವರಲ್ಲಿ ಬೊಜ್ಜ. ಮದುವೆಗೆ ಕರೆದರೆ ಹೋಗುವುದು, ಸಾವಿಗೆ ಕೇಳಿದರೆ ಹೋಗುವುದು ಎಂಬ ನಿಯಮ ಮುಂಬಯಿಯಲ್ಲೂ ಮುರಿದಿಲ್ಲ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಜಗಳವಾಡಿ ದೂರವಾದ ಪಾಲುದಾರರು ಈ ಒಂದು ಊಟದ ಸಾಲಿನಲ್ಲಿ ಅಕ್ಕಪಕ್ಕ ಕೂತದ್ದುಂಟು. ಇದಲ್ಲದೆ ಇಡೀ ಊರಿನ ಮೈಲಿಗಲ್ಲುಗಳಿವೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ದೇವಸ್ಥಾನದ ಬ್ರಹ್ಮಕಲಶೋತ್ಸವ, ಹಳೆಯ ಶಾಲೆಯ ಶತಮಾನೋತ್ಸವ, ದೈವಸ್ಥಾನದ ಜೀರ್ಣೋದ್ಧಾರ. ಇವಕ್ಕೆ ‘ಮುಂಬಯಿ ಸಮಿತಿ’ ರಚನೆಯಾಗುತ್ತದೆ. ದೇಣಿಗೆಯ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಇಬ್ಬರು ಒಂದೇ ಶಾಲೆಯ ಬೆಂಚಿನ ಮೂವರನ್ನು ನಲಸೋಪಾರ, ಡೊಂಬಿವಲಿ, ಮುಲುಂಡುಗಳಿಂದ ಹೆಕ್ಕಿ ತಂದು ಕೂಡಿಸುತ್ತಾರೆ.

ಫೋನು ಈ ಎಲ್ಲದರ ಲಯವನ್ನು ಬದಲಿಸಿತು. ಮೊದಲು ಟ್ರಂಕ್ ಕಾಲ್, ಅದೂ ಹೋಟೆಲಿನ ಗಲ್ಲಾದ ಫೋನಿಗೆ. 1980ರ ದಶಕದ ಕೊನೆಗೆ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹೊತ್ತೇರಿದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬೂತಿನೆದುರು ಸಾಲು ನಿಲ್ಲುತ್ತಿದ್ದರು. ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಾ ಆಡಿದ ಮಾತು ಬಹಳ ಚುಟುಕು. ಮೊಬೈಲು, ಆಮೇಲೆ ವಾಟ್ಸಾಪ್ ಗುಂಪು ಬಂದು ಮಾತಿಗೆ ಬೆಲೆಯೇ ಇಲ್ಲದಂತಾಯಿತು. ಕಾಗದದ ಕಾಲದಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಸುದ್ದಿ ಈಗ ದಿನಕ್ಕೆ ಹತ್ತು ಸಲ ಬರುತ್ತದೆ. ಒಂದೇ ಬೆಂಚಿನಲ್ಲಿ ಕೂತವರು ನಲವತ್ತು ವರ್ಷದ ಮೇಲೆ ಒಬ್ಬರನ್ನೊಬ್ಬರು ಪತ್ತೆಹಚ್ಚಿದ್ದು, ಪಾಲಿಕೆಯ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು ತಮ್ಮ ಗುರುಗಳನ್ನು ಕರೆದು ಸನ್ಮಾನಿಸಿದ್ದು ಇದರ ದೊಡ್ಡ ಉಪಕಾರ. ಕಳೆದುಹೋದದ್ದೂ ಇದೆ: ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳುವ ಆ ಕೊನೆಯ ಸಾಲುಗಳು. ಗುಂಪಿಗೆ ಹಾಕಿದ ಶುಭೋದಯ ಯಾರೊಬ್ಬರ ಕುಶಲವನ್ನೂ ಕೇಳುವುದಿಲ್ಲ.

2020ರ ಮಾರ್ಚಿನಲ್ಲಿ ಲೋಕಲ್ ಗಾಡಿ ಜನಸಾಮಾನ್ಯರಿಗೆ ನಿಂತಾಗ ಈ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಮದುವೆಗೆ 50 ಜನ, ಅಂತ್ಯಕ್ರಿಯೆಗೆ 20 ಜನ ಎಂಬ ಮಿತಿ ಬಂತು. ಧಾರೆಯನ್ನೂ ಪಿಂಡಪ್ರದಾನವನ್ನೂ ಮೊಬೈಲಿನಲ್ಲಿ ನೋಡಿದರು. ಆ ತಿಂಗಳುಗಳಲ್ಲಿ ತೀರಿಕೊಂಡವರ ಮನೆಗೆ ಗಾಡಿ ಮತ್ತೆ ಓಡಲು ತೊಡಗಿದ ಮೇಲೆ, ವರ್ಷ ಕಳೆದಿದ್ದರೂ, ಜನ ಹೋಗಿ ಒಂದು ತಾಸು ಕೂತು ಬಂದರು. ಪರದೆಯ ಮೇಲೆ ನೋಡಿದ್ದು ಹೋದಂತಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿನ ಮುಲುಂಡಿನಲ್ಲಿ ಗೆಳೆತನಗಳನ್ನು ಚದುರಿಸುತ್ತಿರುವ ದೊಡ್ಡ ಶಕ್ತಿ ರೀಡೆವಲಪ್‌ಮೆಂಟ್. ಕಾರ್ಖಾನೆಗಳ ಜಾಗದಲ್ಲಿ ಮಾಲು, ಗೋಪುರಗಳು ಬಂದದ್ದು ಮೊದಲ ಅಲೆ. ಈಗ 1960–70ರ ದಶಕದ ಮೂರು–ನಾಲ್ಕು ಮಹಡಿಯ ಸೊಸೈಟಿಗಳ ಸರದಿ. ಕಟ್ಟಡ ಕೆಡವಿ ಹೊಸದು ಏಳುವ ಮೂರು ನಾಲ್ಕು ವರ್ಷ ನಿವಾಸಿಗಳು ಬಾಡಿಗೆಯ ಮನೆಗಳಿಗೆ ಚದುರುತ್ತಾರೆ. ಒಬ್ಬರು ಘೋಡ್‌ಬಂದರ್ ರಸ್ತೆಗೆ, ಒಬ್ಬರು ಐರೋಲಿಗೆ, ಒಬ್ಬರು ಮಗಳಿರುವ ಪುಣೆಗೆ. ಎಂಬತ್ತರ ಹಿರಿಯರು ಮರಳಿ ಬರುವ ಭರವಸೆ ಯಾರಿಗೂ ಇರುವುದಿಲ್ಲ. ಬಂದರೂ ಇಪ್ಪತ್ತನೆಯ ಮಹಡಿಯಲ್ಲಿ ಮುಚ್ಚಿದ ಬಾಗಿಲು. ಸಕ್ಕರೆಯ ಲೋಟ ಹಿಡಿದು ಎದುರುಮನೆಗೆ ಹೋಗುವ ಮೊಗಸಾಲೆ ನಕ್ಷೆಯಲ್ಲೇ ಇಲ್ಲ. ಆ ಸಹವಾಸಕ್ಕಾಗಿ ಹಿರಿಯರು ಹೊರಗೆ ಬರುತ್ತಾರೆ. ಪೂರ್ವದ ಚಿಂತಾಮಣಿ ದೇಶಮುಖ್ ಉದ್ಯಾನದಲ್ಲಿ, ಸಂಭಾಜಿ ಮೈದಾನದ ಕಟ್ಟೆಯಲ್ಲಿ ಬೆಳಗ್ಗೆ ನಡಿಗೆ ಮುಗಿಸಿ ಕೂಡುವ ಬಳಗಗಳಲ್ಲಿ ಕನ್ನಡ, ತುಳು ಕಿವಿಗೆ ಬೀಳುತ್ತದೆ. ಊರಿಗೇ ಮರಳಿದವರೂ ಇದ್ದಾರೆ. ಮುಲುಂಡಿನ ಫ್ಲ್ಯಾಟು ಮಾರಿ ಉಡುಪಿಯಲ್ಲೋ ಧಾರವಾಡದಲ್ಲೋ ಮನೆ ಕಟ್ಟಿದವರಿಗೆ ನಲವತ್ತು ವರ್ಷದ ಗೆಳೆಯರು ಈಗ ಇತ್ತ ಕಡೆ ಉಳಿದಿದ್ದಾರೆ. ಅವರು ಗೆಳೆಯನ ಮಗನ ಮದುವೆಗೆಂದು ಗಾಡಿ ಹತ್ತಿ ಠಾಣೆಯಲ್ಲಿ ಇಳಿಯುತ್ತಾರೆ.

ಮಕ್ಕಳು ಅಮೆರಿಕ, ಕೆನಡಾ, ದುಬೈಗಳಿಗೆ ಹೋದ ಮೇಲೆ ಕಾರ್ಯಗಳ ತಿಂಗಳೂ ಬದಲಾಗಿದೆ. ಹಿಂದೆ ಎಲ್ಲವನ್ನೂ ಕೂಡಿಸುತ್ತಿದ್ದ ಮೇ ತಿಂಗಳು ಹೊರದೇಶದ ಶಾಲೆಗಳಿಗೆ ಒಗ್ಗುವುದಿಲ್ಲ. ಅವರಿಗೆ ರಜೆ ಸಿಗುವುದು ಡಿಸೆಂಬರ್ ಕೊನೆಗೆ ಅಥವಾ ಜೂನ್–ಜುಲೈಗೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗೆ ಮುಹೂರ್ತವಿಲ್ಲ. ಜೂನ್–ಜುಲೈಯಲ್ಲಿ ಆಷಾಢ ಅಡ್ಡ ಬರುತ್ತದೆ, ಕರಾವಳಿಯಲ್ಲಿ ಮಳೆ ಸುರಿಯುತ್ತಿರುತ್ತದೆ. ಪುರೋಹಿತರೂ ಮನೆಯವರೂ ಕೂತು ದಾರಿ ಹುಡುಕುತ್ತಾರೆ. ಧಾರೆಯ ಮುಹೂರ್ತವನ್ನು ಡಿಸೆಂಬರ್ ಎರಡನೆಯ ವಾರದೊಳಗೆ ಹಿಡಿದು ಮಕ್ಕಳಿಗೆ ಒಂದು ವಾರ ಶಾಲೆ ತಪ್ಪಿಸುವುದುಂಟು. ಅರವತ್ತರ ಶಾಂತಿಯನ್ನು ಜನ್ಮನಕ್ಷತ್ರದ ದಿನ ದಂಪತಿಗಳಷ್ಟೇ ಮನೆಯಲ್ಲಿ ಮಾಡಿಸಿಕೊಂಡು, ಬಂಧುಗಳ ಊಟವನ್ನು ಕ್ರಿಸ್‌ಮಸ್ ವಾರಕ್ಕೆ ಇಡುವುದುಂಟು. ಊಟಕ್ಕೆ ಮುಹೂರ್ತದ ಅಡ್ಡಿಯಿಲ್ಲ. ಮುಲುಂಡಿನ ಸಭಾಗೃಹಗಳಿಗೆ ಆ ವಾರದ ಬುಕಿಂಗ್ ಮಾಡಲು ಮನೆಯವರು ಗಣೇಶ ಚತುರ್ಥಿಗಿಂತ ಮೊದಲೇ ಓಡಾಡುತ್ತಾರೆ, ಕರೆಯಬೇಕಾದವರ ಪಟ್ಟಿಗಾಗಿ ಹಳೆಯ ಮುಯ್ಯಿಯ ಪುಸ್ತಕವನ್ನು ಕಪಾಟಿನಿಂದ ಹೊರತೆಗೆಯುತ್ತಾರೆ.